ಬೆಂಗಳೂರಿನಲ್ಲಿ ಮುಳ್ಳು 27ಕ್ಕೇ ನಿಂತರೆ ವ್ಯಾಕ್ಯೂಮ್ ಪಂಪ್ ಕೆಟ್ಟಿದೆಯೇ?

ಪ್ರಶ್ನೆ: ಮಂಗಳೂರಿನಲ್ಲಿ ಆರು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದೆ. ಈಗ ಬೆಂಗಳೂರಿಗೆ ಬಂದು ಸ್ವಂತ ಸರ್ವಿಸ್ ಶುರು ಮಾಡಿದ್ದೇನೆ ಸರ್. ಒಂದು, ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಗಳೇ ಜಾಸ್ತಿ. ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಳೆಯಲಿಕ್ಕೆ ಹೊಸದಾಗಿ ಎರಡು ಸ್ಟೇಜಿನ 4 ಸಿಎಫ್ಎಂ (ನಿಮಿಷಕ್ಕೆ 4 ಘನ ಅಡಿ ಗಾಳಿ ಎಳೆಯುವ) ವ್ಯಾಕ್ಯೂಮ್ ಪಂಪ್ ತಗೊಂಡೆ. ಅಲ್ಲಿ ಗೇಜಿನ ಮುಳ್ಳು 30ರ ಹತ್ತಿರ ಹೋಗುತ್ತಿತ್ತು. ಇಲ್ಲಿ ಒಂದು ಗಂಟೆ ಓಡಿಸಿದರೂ 27 ದಾಟುವುದಿಲ್ಲ. ಇದನ್ನು ಕೊಟ್ಟು ದೊಡ್ಡ ಪಂಪ್ ತಗೊಳ್ಳಲೇ?
— ಓದುಗರು, ಬೆಂಗಳೂರು

ಉತ್ತರ: ಕೊಡಬೇಡಿ. ಪಂಪಿಗೆ ಬಹುಶಃ ಏನೂ ಆಗಿಲ್ಲ. ನೀವು ಘಟ್ಟ ಹತ್ತಿ ಬಂದಿದ್ದೀರಿ, ಅಷ್ಟೇ.

ಹೋಸುಗಳನ್ನು ಸಿಕ್ಕಿಸುವ ಆ ಮುಳ್ಳಿನ ಗೇಜ್, ಅಂದರೆ ಮ್ಯಾನಿಫೋಲ್ಡ್ ಗೇಜ್, ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ಒಳಗಿನದನ್ನು ತೋರಿಸುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 29.9 ಇಂಚು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಅದು 27 ಇಂಚಿನ ಆಸುಪಾಸು. ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ಹಾಕಿದರೂ ಮುಳ್ಳು ಅದಕ್ಕಿಂತ ಮುಂದೆ ಹೋಗುವುದು ಹೇಗೆ? ಮಡಿಕೇರಿಗೆ ಹೋದರೆ ಇನ್ನೂ ಮುಕ್ಕಾಲು ಇಂಚಿನಷ್ಟು ಕಡಿಮೆ ತೋರಿಸುತ್ತದೆ. ಗೇಜನ್ನು ಮಾತ್ರ ಇಲ್ಲಿ ಒಮ್ಮೆ ಸೊನ್ನೆಗೆ ಸರಿಮಾಡಿಕೊಳ್ಳಿ.

ನನ್ನ ತಕರಾರು ಇರುವುದು ಆ ಮುಳ್ಳನ್ನೇ ನಂಬುವುದರ ಬಗ್ಗೆ. ಒಳಗೆ ಉಳಿದ ಒತ್ತಡವನ್ನು ಅಳೆಯುವುದು ಪಾದರಸದ ಮೈಕ್ರಾನ್ ಲೆಕ್ಕದಲ್ಲಿ. ನಮಗೆ ಬೇಕಾದದ್ದು 500 ಮೈಕ್ರಾನಿಗಿಂತ ಕೆಳಗೆ. ಒಂದು ಇಂಚು ಎಂದರೆ 25,400 ಮೈಕ್ರಾನ್. ಒಳಗೆ 5,000 ಇದ್ದರೂ 500 ಇದ್ದರೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. 5,000ದಲ್ಲಿ ಕೆಲಸ ಮುಗಿಸಿ ಗ್ಯಾಸ್ ಬಿಟ್ಟರೆ ತೇವ ಒಳಗೇ ಉಳಿಯಬಹುದು. ಆರ್ 32, ಆರ್ 410ಎ ಗ್ಯಾಸ್ ಬಳಸುವ ಎಸಿಗಳ ಕಂಪ್ರೆಸರಿಗೆ ಹಾಕುವ ಪಿಒಇ ಎಂಬ ಸಿಂಥೆಟಿಕ್ ಎಣ್ಣೆಗೆ ನೀರೆಂದರೆ ಬಹಳ ಆಸೆ. ಹೀರಿಕೊಳ್ಳುತ್ತದೆ, ಆಮೇಲೆ ಆಸಿಡ್ ಆಗುತ್ತದೆ. ಕಂಪ್ರೆಸರ್ ಹೋಗುವುದು ಅವತ್ತಲ್ಲ, ಒಂದೆರಡು ಬೇಸಿಗೆ ಕಳೆದ ಮೇಲೆ. ಆಗ ಎಲ್ಲರೂ ಕಂಪನಿಯನ್ನು ಬೈಯುತ್ತಾರೆ.

ಹಾಗಾಗಿ ದೊಡ್ಡ ಪಂಪಿನ ದುಡ್ಡಲ್ಲಿ ಒಂದು ಡಿಜಿಟಲ್ ಮೈಕ್ರಾನ್ ಗೇಜ್ ತಗೊಳ್ಳಿ. ಅದನ್ನು ಪಂಪಿನ ಬಾಯಿಗೆ ಹಾಕಬೇಡಿ, ಆದಷ್ಟು ಎಸಿಯ ಕಡೆಗೆ ಹಾಕಿ. ಪಂಪಿನ ಹತ್ತಿರ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ! 500ರ ಕೆಳಗೆ ಬಂದ ಮೇಲೆ ಪಂಪಿನ ಕಡೆಯ ವಾಲ್ವ್ ಮುಚ್ಚಿ ಹತ್ತು ನಿಮಿಷ ಸುಮ್ನೆ ನೋಡುತ್ತಿರಿ. ಸ್ವಲ್ಪ ಏರಿ 500ರ ಹತ್ತಿರವೇ ನಿಂತರೆ ಸರಿ. ಸಾವಿರ, ಎರಡು ಸಾವಿರದವರೆಗೆ ಏರಿ ನಿಂತರೆ ತೇವ ಇದೆ, ಇನ್ನಷ್ಟು ಹೊತ್ತು ಓಡಿಸಿ. ನಿಲ್ಲದೇ ಏರುತ್ತಲೇ ಇದ್ದರೆ ಲೀಕ್. ಮೊದಲು ಹೋಸಿನ ವಾಷರ್ ನೋಡಿ, ಆಮೇಲೆ ಪೈಪ್ ಕೂಡಿಸುವ ಫ್ಲೇರ್ ನಟ್. ‘ಹದಿನೈದು ನಿಮಿಷ ಓಡಿಸಿದೆ, ಸಾಕು’ ಎನ್ನುವ ಲೆಕ್ಕ ಬಿಟ್ಟುಬಿಡಿ.

ಮನೆಯ ಎಸಿಗಳಿಗೆ ನಿಮ್ಮ 4 ಸಿಎಫ್ಎಂ ಧಾರಾಳ ಸಾಕು. ನಾನೂ ಒಂದು ಕಾಲದಲ್ಲಿ 8 ಸಿಎಫ್ಎಂ ಪಂಪ್ ಹೊತ್ತು ಮೂರನೇ ಮಹಡಿ ಹತ್ತಿದವನೇ. ಬೆನ್ನು ನೋವು ಬಂತೇ ಹೊರತು ಕೆಲಸ ಬೇಗ ಮುಗಿಯಲಿಲ್ಲ. ಏಕೆಂದರೆ ಗಾಳಿ ಬರಬೇಕಾದದ್ದು ಕಾಲಿಂಚಿನ ಉದ್ದ ಹೋಸಿನಲ್ಲಿ, ಅದರಲ್ಲೂ ಸರ್ವಿಸ್ ವಾಲ್ವಿನ ಸಣ್ಣ ಪಿನ್ ಸಂದಿಯಲ್ಲಿ. ಮುಕ್ಕಾಲು ಪಾಲು ಜಗಳ ಅಲ್ಲೇ. ಪಿನ್ ತೆಗೆಯುವ ಟೂಲ್ ಒಂದು, 3/8 ಇಂಚಿನ ಗಿಡ್ಡ ಹೋಸ್ ಒಂದು ಇಟ್ಟುಕೊಳ್ಳಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಪಂಪಿನ ಎಣ್ಣೆ ಹಾಲಿನ ಬಣ್ಣಕ್ಕೆ ಬಂದಿದೆ. ಒಂದು ವರ್ಷದಿಂದ ಬದಲಿಸಿಲ್ಲ. ಎಂಜಿನ್ ಆಯಿಲ್ ಹಾಕಬಹುದಾ?
— ಓದುಗರು, ಶಿವಮೊಗ್ಗ

ಉತ್ತರ: ಒಂದು ವರ್ಷವಾ! ಅದರಲ್ಲಿ ಒಂದಿಡೀ ಮಳೆಗಾಲದ ನೀರಿರಬೇಕು.

ಈ ಪಂಪಿನಲ್ಲಿ ಎಣ್ಣೆ ಇರುವುದು ಬರೀ ಸವೆತ ತಡೆಯಲಿಕ್ಕಲ್ಲ. ಬ್ಲೇಡುಗಳ ಸಂದಿಯನ್ನು ಮುಚ್ಚಿ ಗಾಳಿ ಹಿಂದೆ ನುಸುಳದಂತೆ ಮಾಡುವುದೂ ಅದೇ. ಎಸಿಯಿಂದ ಎಳೆದ ತೇವ ಈ ಎಣ್ಣೆಗೇ ಸೇರುತ್ತದೆ. ನೀರು ಸೇರಿದ ಎಣ್ಣೆಯಿಂದ ಮತ್ತೆ ಆವಿ ಏಳುತ್ತದೆ. ಆಗ ಎಷ್ಟು ದುಬಾರಿ ಪಂಪ್ ಆದರೂ ಆಳಕ್ಕೆ ಹೋಗುವುದಿಲ್ಲ. ಎಂಜಿನ್ ಆಯಿಲ್ ಬೇಡವೇ ಬೇಡ. ಅದೂ ವ್ಯಾಕ್ಯೂಮಿನಲ್ಲಿ ಆವಿ ಬಿಡುತ್ತದೆ. ವ್ಯಾಕ್ಯೂಮ್ ಪಂಪ್ ಆಯಿಲ್ ಎಂದೇ ಕೇಳಿ ತನ್ನಿ.

ಹತ್ತು ನಿಮಿಷ ಪಂಪ್ ಓಡಿಸಿ, ಬಿಸಿ ಇರುವಾಗಲೇ ಎಣ್ಣೆ ಇಳಿಸಿ. ಪಂಪನ್ನು ಸ್ವಲ್ಪ ವಾಲಿಸಿದರೆ ತಳದ್ದೂ ಬರುತ್ತದೆ. ಗಾಜಿನ ಎರಡು ಗೆರೆಗಳ ನಡುವೆ ಹೊಸದು ತುಂಬಿ, ಸ್ವಲ್ಪ ಓಡಿಸಿ, ಅದನ್ನೂ ಇಳಿಸಿ. ನಿಮ್ಮ ಪಂಪಿಗೆ ಇದು ಎರಡು ಮೂರು ಸಲ ಬೇಕಾಗಬಹುದು. ಆಮೇಲೆ ಮೈಕ್ರಾನ್ ಗೇಜನ್ನು ನೇರವಾಗಿ ಪಂಪಿಗೇ ಸಿಕ್ಕಿಸಿ ನೋಡಿ. ಪರೀಕ್ಷೆಗೆ ಮಾತ್ರ ಹೀಗೆ. ಒಳ್ಳೆಯ ಎರಡು ಸ್ಟೇಜಿನ ಪಂಪ್ ಕೆಲವೇ ನಿಮಿಷಗಳಲ್ಲಿ 100ರ ಕೆಳಗೆ ಹೋಗಬೇಕು.

ಮಲೆನಾಡಿನ ಮಳೆಗಾಲದಲ್ಲಿ ನಾಲ್ಕೈದು ಕೆಲಸಕ್ಕೊಮ್ಮೆ ಎಣ್ಣೆ ಬದಲಿಸಿ. ನೀರು ಹೊಕ್ಕ ಎಸಿ ಸಿಕ್ಕಿದರೆ ಅವತ್ತೇ ಬದಲಿಸಿ. ಪಂಪಿನ ಮೇಲೆ ಗ್ಯಾಸ್ ಬಲಾಸ್ಟ್ ಎಂಬ ಸಣ್ಣ ತಿರುಪು ಇರುತ್ತದೆ. ಶುರುವಿನ ಕೆಲವು ನಿಮಿಷ ಅದನ್ನು ಸಡಿಲಿಸಿಡಿ. ತೇವ ಎಣ್ಣೆಗೆ ಇಳಿಯದೆ ಹೊರಗೆ ಹೋಗುತ್ತದೆ. ಆಮೇಲೆ ಬಿಗಿ ಮಾಡಿ. ಕೆಲಸ ಮುಗಿದಾಗ ಮೊದಲು ವಾಲ್ವ್ ಮುಚ್ಚಿ, ನಂತರ ಸ್ವಿಚ್ ಆರಿಸಿ. ತಿರುಗಾ ಮುರುಗಾ ಮಾಡಿದರೆ ಪಂಪಿನ ಎಣ್ಣೆ ಎಸಿಯೊಳಗೆ ಹೋಗಬಹುದು.

ಪ್ರಶ್ನೆ: ಹಳೆಯ ಫ್ರಿಜ್ ಕಂಪ್ರೆಸರನ್ನೇ ಪಂಪ್ ಮಾಡಿಕೊಂಡಿದ್ದೇನೆ. ಆರ್ 32ಗೂ ನಡೆಯುತ್ತಾ?
— ಓದುಗರು, ಬಳ್ಳಾರಿ

ಉತ್ತರ: ನಡೆಯಲ್ಲ. ನಮ್ಮಲ್ಲಿ ಅರ್ಧ ಜನ ಕೆಲಸ ಕಲಿತದ್ದು ಅದರಲ್ಲೇ ಎಂಬುದು ನಿಜ. ಆದರೆ ಅದು 500 ಮೈಕ್ರಾನಿನ ಹತ್ತಿರ ಹೋಗುವುದು ಕಷ್ಟ. ಅದರ ಮೋಟಾರ್ ತಣ್ಣಗಾಗುವುದು ಒಳಗೆ ಓಡಾಡುವ ಗ್ಯಾಸಿನಿಂದ. ವ್ಯಾಕ್ಯೂಮಿನಲ್ಲಿ ಗ್ಯಾಸೇ ಇಲ್ಲ, ಸುಟ್ಟುಕೊಳ್ಳುತ್ತದೆ.

ಆರ್ 32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್ ಎಂಬುದೂ ನೆನಪಿರಲಿ. ಆ ಗ್ಯಾಸಿಗೆ ಆಗುತ್ತದೆ ಎಂದು ಬರೆದಿರುವ ಪಂಪನ್ನೇ ಕೊಳ್ಳಿ. ಒಳಗಿರುವ ಗ್ಯಾಸನ್ನು ರಿಕವರಿ ಮೆಷಿನ್ನಿನಲ್ಲಿ ತೆಗೆದ ಮೇಲೆಯೇ ಪಂಪ್ ಹಚ್ಚಿ. ಕಿಟಕಿ ತೆರೆದಿಡಿ. ಪಂಪಿನ ಸ್ವಿಚ್ಚನ್ನು ಆನ್ ಮಾಡಿಟ್ಟು, ಶುರು ಮಾಡುವುದು, ನಿಲ್ಲಿಸುವುದು ಎರಡನ್ನೂ ದೂರದ ಗೋಡೆಯ ಬೋರ್ಡಿನಿಂದ ಮಾಡಿ. ಕಿಡಿ ಹಾರುವುದು ಸ್ವಿಚ್ಚಿನಲ್ಲಿ.