ಶನಿವಾರ ರಾತ್ರಿಯ ನೋಟ್‌ಬುಕ್

ಬೆಟಗೇರಿಯಿಂದ ಬಂದ ಈ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಈ ವಾರ ಬೇರೆ ಮೂರು ಪತ್ರಗಳಿಗೆ ಉತ್ತರ ಬರೆಯಬೇಕಿತ್ತು. ಅವು ಕಾಯಲಿ.

ಬರೆದ ತಂಗಿಗೆ 43 ವರ್ಷ. ಚರ್ಚಿನ ಸಭೆಯಲ್ಲೇ ಹುಟ್ಟಿ ಬೆಳೆದವರು. 16 ವರ್ಷದಿಂದ ಸಂಡೇಸ್ಕೂಲ್ ಟೀಚರ್. ಮನೆಯವರ ಫೋಟೋ ಸ್ಟುಡಿಯೋ ಮುಚ್ಚಿ ಸಾಲ ಉಳಿಯಿತು. ಮಗಳು ನೀಟ್ ಪರೀಕ್ಷೆಯಲ್ಲಿ ಎರಡು ಸಲ ಸೋತಳು. ಅವ್ವನಿಗೆ ಎರಡು ವರ್ಷ ಡಯಾಲಿಸಿಸ್. ಪ್ರತಿ ಶುಕ್ರವಾರ ಇವರದು ಉಪವಾಸ ಪ್ರಾರ್ಥನೆ. ಆದರೂ ಕಳೆದ ವರ್ಷ ಅವ್ವ ಹೋಗಿಬಿಟ್ಟರು. "ಈಗ ಮೊಣಕಾಲೂರಿದರೆ ಬಾಯಿಂದ ಮಾತೇ ಹೊರಡುವುದಿಲ್ಲ ಅಕ್ಕಾ. ಎಂಟು ತಿಂಗಳಾಯಿತು, ಆರಾಧನೆಗೆ ಹೋಗಿಲ್ಲ. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರನ್ನು ನೋಡಿದರೆ ಎದ್ದು ಓಡಬೇಕು ಅನ್ನಿಸುತ್ತದೆ. ನನ್ನ ನಂಬಿಕೆ ಸತ್ತುಹೋಯಿತಾ?" ಇದು ಅವರ ಪ್ರಶ್ನೆ.

ಮೊದಲು ಮಗಳ ವಿಷಯ ಮುಗಿಸಿಬಿಡೋಣ. ಹತ್ತೊಂಬತ್ತರ ಹುಡುಗಿ ಡಾಕ್ಟರ್ ಆಗದಿದ್ದರೆ ಇನ್ನೊಂದು ಆಗುತ್ತಾಳೆ. ಅದನ್ನು ನಿಮ್ಮ ಕಷ್ಟದ ಪಟ್ಟಿಯಿಂದ ತೆಗೆದುಹಾಕಿ, ಅವಳ ಬೆನ್ನಾದರೂ ಹಗುರಾಗುತ್ತದೆ. ಮನೆಯವರು ದಿನವಿಡೀ ಮೊಬೈಲ್ ಹಿಡಿದು ಕೂರುತ್ತಾರೆ ಅಂತ ಒಂದೂವರೆ ಪುಟ ಬರೆದಿದ್ದೀರಿ. ನನಗೆ ಅವರ ಮೇಲೆ ನಿಮ್ಮಷ್ಟು ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷ ಊರಿನ ಮದುವೆಗಳ ಫೋಟೋ ತೆಗೆದವರು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ಅವರೂ ಒಂದು ಸಾವನ್ನೇ ಕಂಡಿದ್ದಾರೆ, ಅದಕ್ಕೆ ಮಾತಾಡಿಸಲು ಯಾರೂ ಬರಲಿಲ್ಲ, ಅಷ್ಟೇ.

ನನಗೆ ಸಿಟ್ಟು ಬಂದದ್ದು ನಿಮ್ಮ ಪ್ರಾರ್ಥನಾ ಕೂಟದ ಹಿರಿಯಕ್ಕನ ಮೇಲೆ. ಅವ್ವನ ಮಣ್ಣು ಆದ ಮೂರನೇ ದಿನ ಮನೆಗೆ ಬಂದು, "ಎಲ್ಲೋ ಪಾಪ ಅಡಗಿದೆ ನೋಡು, ಇಲ್ಲದಿದ್ದರೆ ಇಷ್ಟು ಪ್ರಾರ್ಥನೆ ಹುಸಿಯಾಗುತ್ತಿರಲಿಲ್ಲ" ಅಂದರಂತೆ. "ಒಳ್ಳೆಯ ಮನಸ್ಸಿನಿಂದಲೇ ಅಂದರು" ಅಂತ ನೀವೇ ಅವರ ಪರ ವಾದಿಸಿದ್ದೀರಿ. ಬೇಡ. ನಮ್ಮ ಅಪ್ಪ ಪಾರ್ಶ್ವವಾಯುವಾಗಿ ಮಲಗಿದ್ದಾಗಲೂ ಒಬ್ಬರು ಹೀಗೇ ಒಳ್ಳೆಯ ಮನಸ್ಸಿನಿಂದ ಬಂದಿದ್ದರು. ಅವರು ಕುಡಿದಿಟ್ಟ ಲೋಟ ತೊಳೆಯುತ್ತಾ ನಮ್ಮವ್ವ ಅತ್ತದ್ದು ನನಗೆ ಇನ್ನೂ ನೆನಪಿದೆ.

ಆ ಅಕ್ಕ ಸತ್ಯವೇದ (ಬೈಬಲ್) ಚೆನ್ನಾಗಿ ಬಲ್ಲವರು ಅಂತೀರಿ. ಹಾಗಾದರೆ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಗೆ ಅವರು ಬಂದೇ ಇಲ್ಲವೇನೋ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಅಂತ ಅಲ್ಲಿದೆ. ಪೌಲನ ಜೊತೆಗಾರ ಅವನು. ಅವನಿಗೆ ವಾಸಿಯಾಗಲಿಲ್ಲ. ಅವನ ಮನೆಯಲ್ಲಿ ಪಾಪ ಅಡಗಿತ್ತು ಅಂತ ಪೌಲ ಎಲ್ಲಿ ಬರೆದಿದ್ದಾನೆ? ತಿಮೊಥೆಯನಿಗೆ ಹೊಟ್ಟೆನೋವು. ಅವನಿಗೆ ಪೌಲ ಕೊಟ್ಟದ್ದು ಸ್ವಲ್ಪ ದ್ರಾಕ್ಷಾರಸ ಕುಡಿ ಅನ್ನುವ ಮನೆಮದ್ದು. ತನ್ನ ಮೈಯಲ್ಲಿ ನಾಟಿದ ಶೂಲ ಹೋಗಲಿ ಅಂತ ಪೌಲ ತಾನೇ ಮೂರು ಸಲ ಬೇಡಿಕೊಂಡ, ಅದೂ ಹೋಗಲಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದಾಗ ಎಷ್ಟು ಚೆನ್ನಾಗಿದ್ದರು! ಬಾಯಿ ಬಿಟ್ಟ ಮೇಲೆ ತಾನೇ ಕೆಟ್ಟದ್ದು?

ಇನ್ನು ಸಾಕ್ಷಿಗಳ ವಿಷಯ. ನನ್ನ ಹಳೇ ತಕರಾರು ಇದು, ಮತ್ತೊಮ್ಮೆ ಕೇಳಿಸಿಕೊಳ್ಳಿ: ಸಾಕ್ಷಿಯಲ್ಲಿ ಮನೆಯ ಒಳಕೋಣೆ ಬರುವುದೇ ಇಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಕಥೆಯನ್ನು ನೀವೂ ಮಕ್ಕಳಿಗೆ ಹೇಳಿರುತ್ತೀರಿ. 1793ರಲ್ಲಿ ಬಂಗಾಳಕ್ಕೆ ಬಂದರು, ಏಳು ವರ್ಷ ಒಬ್ಬರೂ ಅವರ ಮಾತಿಗೆ ಓಗೊಡಲಿಲ್ಲ, 1800ರ ಡಿಸೆಂಬರ್‌ನಲ್ಲಿ ಮೊದಲಿಗರಾಗಿ ಕೃಷ್ಣ ಪಾಲ್ ದೀಕ್ಷಾಸ್ನಾನ ತೆಗೆದುಕೊಂಡರು. 1812ರಲ್ಲಿ ಅವರ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಸತ್ಯವೇದದ ನಮ್ಮ ಕನ್ನಡದ ಅನುವಾದವೂ ಇತ್ತು. ಕೇರಿ ಮತ್ತೆ ಕೂತು ಬರೆದರು. ಎಲ್ಲವೂ ನಿಜ. ಪ್ರಸಂಗ ಇಲ್ಲಿಗೆ ಮುಗಿಯುತ್ತದೆ, ಎಲ್ಲರೂ ಆಮೆನ್ ಅನ್ನುತ್ತಾರೆ.

ಅವರ ಹೆಂಡತಿ ಡೊರೊಥಿಯ ಹೆಸರು ಪೀಠದಿಂದ ಎಷ್ಟು ಸಲ ಕೇಳಿದ್ದೀರಿ? ಆಕೆಗೆ ಇಂಡಿಯಾಕ್ಕೆ ಬರುವ ಮನಸ್ಸೇ ಇರಲಿಲ್ಲ. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ಬೇನೆಬಿದ್ದು ಸತ್ತ. ಆಕೆಯ ಬುದ್ಧಿ ಕದಡಿತು. 1807ರಲ್ಲಿ ಸಾಯುವ ತನಕ ಸರಿಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆ ಕೂಗುತ್ತಿರುವಾಗಲೇ ಈ ಕಡೆ ಅನುವಾದ ಸಾಗುತ್ತಿತ್ತು. ಕೇರಿಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ (ಸ್ವಲ್ಪ ಹಳಿಯುತ್ತಿದ್ದೇನೆ, ಇರಲಿ). ಮುಂದಿನ ಸಲ ಯಾರಾದರೂ ಮೈಕ್ ಹಿಡಿದು ಗೆದ್ದ ಕಥೆ ಹೇಳುವಾಗ, ಅವರ ಮನೆಯಲ್ಲೂ ಪಕ್ಕದ ಕೋಣೆ ಒಂದಿದೆ ಅಂತ ನಿಮಗೆ ಗೊತ್ತಿರಲಿ. ನೀವು ಈಗ ಆ ಕೋಣೆಯಲ್ಲಿದ್ದೀರಿ. ಸಭೆಯಿಂದ ಹೊರಗೆ ಹೋಗಿಲ್ಲ.

ಈಗ ನೀವು ಪತ್ರದ ಕೊನೆಗೆ, ಸಹಿ ಹಾಕಿದ ಮೇಲೆ ಸುಮ್ನೆ ಸೇರಿಸಿದ ಸಾಲಿಗೆ ಬರುತ್ತೇನೆ. "ಮಕ್ಕಳ ಪಾಠ ನಿಲ್ಲಬಾರದು ಅಂತ ಶನಿವಾರ ರಾತ್ರಿ ನೋಟ್‌ಬುಕ್‌ನಲ್ಲಿ ಬರೆದು ಪಕ್ಕದ ಮನೆ ಹುಡುಗಿ ಕೈಯಲ್ಲಿ ಕಳಿಸುತ್ತೇನೆ. ಈಗ ಪ್ರವಾದಿ ಎಲೀಯನ ಪಾಠ ನಡೆದಿದೆ, ಕಾಗೆಗಳದ್ದು ಮುಗಿಯಿತು, ವಿಧವೆಯ ಹಿಟ್ಟಿನದು ಮುಗಿಯಿತು, ಈ ವಾರ ಕರ್ಮೆಲ್ ಬೆಟ್ಟದ ಬೆಂಕಿ."

ಎಂಟು ತಿಂಗಳು! ಅಂದರೆ ಮೂವತ್ತಕ್ಕೂ ಜಾಸ್ತಿ ಶನಿವಾರ. ಪ್ರಾರ್ಥನೆಗೆ ಮಾತು ಹೊರಡದ ಹೆಂಗಸು, ಸಾಲಗಾರರ ಫೋನಿನ ಮಧ್ಯೆ, ಮೂವತ್ತು ಸಲ ಕೂತು ಬೇರೆಯವರ ಮಕ್ಕಳಿಗೆ ಪಾಠ ಬರೆದಿದ್ದಾಳೆ. ಆಮೇಲೆ ನನ್ನನ್ನು ಕೇಳುತ್ತಾಳೆ, ನಂಬಿಕೆ ಸತ್ತಿದೆಯಾ ಅಂತ. ಸತ್ತವರು ಶನಿವಾರ ರಾತ್ರಿ ಪೆನ್ನು ಹುಡುಕುವುದಿಲ್ಲ ತಂಗಿ.

ಕರ್ಮೆಲ್ ಆದ ಮೇಲೆ ಮುಂದಿನ ವಾರದ ಪಾಠ ಯಾವುದು? ಸತ್ಯವೇದದ ಒಂದನೇ ಅರಸುಗಳು, 19ನೇ ಅಧ್ಯಾಯ. ಆಕಾಶದಿಂದ ಬೆಂಕಿ ಇಳಿಸಿದ ಅದೇ ಎಲೀಯ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಮರುಭೂಮಿಯ ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ಆಗ ಬಂದ ದೂತ ಏನು ಮಾಡಿದ? ಪಾಪ ಹುಡುಕಲಿಲ್ಲ, ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಮತ್ತೆ ಊಟ. "ಇಲ್ಲಿ ಏನು ಮಾಡುತ್ತಿದ್ದೀ" ಅನ್ನುವ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಈ ಅಂಕಣ ಓದುವವರು ನಗುತ್ತಾರೆ, ಏಕೆಂದರೆ ಯಾರ ಗೋಳಿಗೂ ನಾನು ಮೊದಲು ಕೇಳುವುದು ನಿದ್ದೆ ಎಷ್ಟು, ಊಟ ಏನು ಅಂತಲೇ. ರಾತ್ರಿ ಮೂರು ಗಂಟೆಗೆ ಎಚ್ಚರಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ ಅಂತ ಬರೆದಿದ್ದೀರಿ. ಶುಕ್ರವಾರದ ಉಪವಾಸವನ್ನು ಈಗಲೂ ಬಿಟ್ಟಿಲ್ಲ. ಬಿಡಿ. ಸದ್ಯಕ್ಕೆ ಬಿಡಿ. ರೊಟ್ಟಿ ತಿನ್ನಿ. ಇನ್ನೆರಡು ವಾರವೂ ನಿದ್ದೆ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಅಷ್ಟರೊಳಗೆ ರಾತ್ರಿ ಎದೆ ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಂಬಿಕೆ ಕಡಿಮೆಯಾಗುವಂಥದ್ದು ಏನೂ ಇಲ್ಲ.

ಉಳಿದ ಉಪದೇಶ ಇಟ್ಟುಕೊಂಡಿದ್ದೆ, ಬೇಡ ಅನ್ನಿಸಿತು. ಒಂದೇ ಕೆಲಸ ಮಾಡಿ. 19ನೇ ಅಧ್ಯಾಯದ ಪಾಠವನ್ನು ನೀವೇ ಹೋಗಿ ಮಾಡಿ. ಮಕ್ಕಳ ತರಗತಿ ಮುಗಿದ ತಕ್ಷಣ ಮನೆಗೆ ಬನ್ನಿ, ಆರಾಧನೆಗೆ ಕೂರಬೇಡಿ. ಯಾಕೆ ಕೂರಲಿಲ್ಲ ಅಂತ ಯಾರಾದರೂ ಕೇಳಿದರೆ ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಅನ್ನಿ. ಆ ಅಕ್ಕ ಎದುರಾದರೆ ನಮಸ್ಕಾರ ಮಾಡಿ ಮುಂದೆ ನಡೆಯಿರಿ. ಮಕ್ಕಳಿಗೆ ರೊಟ್ಟಿಯ ಭಾಗವನ್ನು ನಿಧಾನವಾಗಿ ಹೇಳಿ, ಎರಡು ಸಲ ಹೇಳಿ.

ಪಕ್ಕದ ಮನೆ ಹುಡುಗಿಗೆ ಇವತ್ತೇ ತಿಳಿಸಿಬಿಡಿ, ಆ ಭಾನುವಾರ ನೋಟ್‌ಬುಕ್ ಒಯ್ಯಲು ಬರುವುದು ಬೇಡ ಅಂತ.