ಇಂಗ್ಲೆಂಡಿನಲ್ಲಿ ಚೊಚ್ಚಲ ಹೆರಿಗೆ, ಈಗ 36 ವಾರ. ಅಮ್ಮನ ಟಿಕೆಟ್ ಡ್ಯೂ ಡೇಟ್‌ಗೆ ಎಷ್ಟು ದಿನ ಮುಂಚೆ ಮಾಡಿಸಬೇಕು?

ಮುಂಚಿನ ತಾರೀಖಿಗೆ ಮಾಡಿಸಲೇಬೇಡಿ. ಡ್ಯೂ ಡೇಟ್‌ಗೆ ವಾರ ಇರುವಾಗ ಅಮ್ಮ ಬೆಂಗಳೂರಿನಿಂದ ಬಂದಿಳಿಯುವುದು, ನಾಲ್ಕು ವಾರ ಬಾಣಂತನ ಮಾಡಿ ಹೋಗುವುದು, ಯಜಮಾನರು ಡ್ಯೂ ಡೇಟ್‌ನಿಂದ ರಜೆ ಹಾಕಿ ಮನೆಯಲ್ಲಿರುವುದು ಅಂತ ಬರೆದಿದ್ದೀರಿ. ನಮ್ಮ ಮನೆಯ ಪ್ಲ್ಯಾನೂ ಥೇಟ್ ಇದೇ ಆಗಿತ್ತು, ಅದಕ್ಕೇ ಉತ್ತರ ಬರೆಯಲು ಕೂತೆ. ನಮ್ಮ ಕಥೆ ಬಿಡಿ, ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನುವುದು ಮುಖ್ಯ.

ಡ್ಯೂ ಡೇಟ್ ಅನ್ನುವುದು 12ನೇ ವಾರದ ಸುಮಾರಿಗೆ ಸ್ಕ್ಯಾನಿನಲ್ಲಿ ಮಗುವಿನ ಉದ್ದ ಅಳೆದು ಹಾಕಿದ ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ. 37 ವಾರದಿಂದ 42 ವಾರದೊಳಗೆ ಯಾವತ್ತು ಹುಟ್ಟಿದರೂ ಅದು ತಿಂಗಳು ತುಂಬಿ ಹುಟ್ಟಿದ ಮಗುವೇ. ಚೊಚ್ಚಲಿನಲ್ಲಂತೂ ಡೇಟ್ ದಾಟುವುದು ಮಾಮೂಲಿ.

ನಿಮ್ಮ ಡೇಟ್ ಮಾರ್ಚ್ 20 ಅಂತಿಟ್ಟುಕೊಳ್ಳಿ. ಹಾಗಾದರೆ ಫೆಬ್ರವರಿ 27ರಿಂದ ಏಪ್ರಿಲ್ 3ರವರೆಗೆ ಐದು ವಾರದಲ್ಲಿ ಎಂದಾದರೂ ಹೆರಿಗೆ ಆಗಬಹುದು. ಅಮ್ಮ ಮಾರ್ಚ್ 13ಕ್ಕೆ ಬಂದರು. 20 ಬಂತು, ಹೋಯಿತು, ನೋವಿಲ್ಲ. 41 ವಾರ ತುಂಬುವ ಮಾರ್ಚ್ 27ಕ್ಕೆ ಇಂಡಕ್ಷನ್ (ಕೃತಕವಾಗಿ ನೋವು ಬರಿಸುವುದು) ಮಾಡೋಣವಾ ಎಂದು ಆಸ್ಪತ್ರೆಯವರು ಕೇಳುತ್ತಾರೆ. ಅವತ್ತು ಲೇಬರ್ ವಾರ್ಡ್ ತುಂಬಿದ್ದರೆ ಒಂದೆರಡು ದಿನ ಮುಂದಕ್ಕೆ. ಇಂಡಕ್ಷನ್ ಶುರುವಾಗಿ ಮಗು ಹುಟ್ಟಲು ಇನ್ನೊಂದೆರಡು ದಿನ. 30ಕ್ಕೆ ಹೆರಿಗೆ, ಏಪ್ರಿಲ್ 1ಕ್ಕೆ ಮನೆ. ಅಮ್ಮನ ವಾಪಸ್ ವಿಮಾನ ಏಪ್ರಿಲ್ 10ಕ್ಕೆ! ನಾಲ್ಕು ವಾರದಲ್ಲಿ ಬಾಣಂತನಕ್ಕೆ ಸಿಕ್ಕಿದ್ದು ಒಂಬತ್ತು ದಿನ. ಉಳಿದ ದಿನವೆಲ್ಲ ಅವರು ನಿಮ್ಮ ಹೊಟ್ಟೆ ನೋಡಿಕೊಂಡು, 'ಇವತ್ತೇನಾದರೂ ಆಗ್ತಿದೆಯೇನೇ?' ಎಂದು ಕೇಳಿಕೊಂಡು ಕಳೆಯುತ್ತಾರೆ. ಹೆರಿಗೆಯ ದಿನವೂ ಅವರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಲೇಬರ್ ರೂಮಿಗೆ ಒಬ್ಬಿಬ್ಬರು ಜೊತೆಗಾರರನ್ನಷ್ಟೇ ಬಿಡುತ್ತಾರೆ, ಆಮೇಲಿನ ವಾರ್ಡಿನಲ್ಲಿ ಅಜ್ಜಿಯರಿಗೆ ವಿಸಿಟಿಂಗ್ ಅವರ್ಸ್ ಮಾತ್ರ.

ಯಜಮಾನರ ರಜೆಯದೂ ಇದೇ ಪಾಡು. ಪಿತೃತ್ವ ರಜೆ ಕಾನೂನು ಪ್ರಕಾರ ಮಗು ಹುಟ್ಟುವ ಮುಂಚೆ ಶುರುವಾಗುವಂತೆಯೇ ಇಲ್ಲ. ಡ್ಯೂ ಡೇಟ್‌ನಿಂದ ಮನೆಯಲ್ಲಿ ಕೂತರೆ ಖರ್ಚಾಗುವುದು ವರ್ಷದ ರಜೆ, ಅದೂ ಸುಮ್ಮನೆ ಕಾಯುವುದಕ್ಕೆ. ಶುರುವಾಗುವ ದಿನ ಎಂಬಲ್ಲಿ ತಾರೀಖು ಕೊಡದೆ 'ಮಗು ಹುಟ್ಟಿದ ದಿನ' ಎಂದೇ ಕೊಡಲು ಹೇಳಿ. ಮೊದಲೇ ತಾರೀಖು ಕೊಟ್ಟಿದ್ದರೆ ಬದಲಿಸಲು 28 ದಿನದ ನೋಟಿಸ್ ಬೇಕು. ನಿಮಗೆ 36 ವಾರ, ಅಂದರೆ ಡ್ಯೂ ಡೇಟ್‌ಗೆ ಉಳಿದಿರುವುದೂ ಹೆಚ್ಚೆಂದರೆ ಅಷ್ಟೇ ದಿನ. ಇವತ್ತೇ ಮೇಲ್ ಹಾಕಿಸಿ. 2024ರ ಏಪ್ರಿಲ್‌ನಿಂದ ಪಿತೃತ್ವ ರಜೆಯ ಎರಡು ವಾರವನ್ನು ಒಟ್ಟಿಗೇ ತೆಗೆದುಕೊಳ್ಳಬೇಕೆಂದೂ ಇಲ್ಲ. ಮಗುವಿಗೆ ವರ್ಷ ತುಂಬುವುದರೊಳಗೆ ಒಂದೊಂದು ವಾರವಾಗಿ ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು.

ನಿಮ್ಮ ರಜೆಯಲ್ಲೂ ಒಂದು ಗುಂಡಿ ಇದೆ. ಡ್ಯೂ ಡೇಟ್ ಇರುವ ವಾರಕ್ಕೆ ಮುಂಚಿನ ನಾಲ್ಕು ವಾರದಲ್ಲಿ ಬಸಿರಿಗೆ ಸಂಬಂಧಿಸಿದ ಕಾರಣಕ್ಕೆ ಒಂದು ದಿನ ಸಿಕ್ ಲೀವ್ ಹಾಕಿದರೂ ಮರುದಿನದಿಂದ ಮೆಟರ್ನಿಟಿ ಲೀವ್ ತಾನಾಗಿ ಶುರುವಾಗುತ್ತದೆ. ಸೊಂಟನೋವಿಗೆ ಒಂದು ದಿನ ಮಲಗಬೇಕೆನಿಸಿದರೆ ಆ್ಯನ್ಯುಯಲ್ ಲೀವ್ ಹಾಕಿ, ಇಲ್ಲವೇ ಮನೆಯಿಂದ ಕೆಲಸ ಮಾಡಿ.

ಹಾಗಾದರೆ ಅಮ್ಮ ಯಾವಾಗ ಬರಬೇಕು? ಡ್ಯೂ ಡೇಟ್ ದಾಟಿ ಎರಡು ವಾರಕ್ಕೆ, ತಾರೀಖು ಬದಲಿಸಲು ಬರುವ ಟಿಕೆಟ್‌ನಲ್ಲಿ. ಮೊದಲ ಎರಡು ವಾರ ಗಂಡ, ಅವರು ಕೆಲಸಕ್ಕೆ ಹೊರಡುವಾಗ ಅಮ್ಮ. ತಡವಾದರೂ ಅಮ್ಮ ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಮಗು ಹುಟ್ಟಿರುತ್ತದೆ. ನಾಲ್ಕು ವಾರದಲ್ಲಿ ಒಂದು ದಿನವೂ ದಂಡವಾಗುವುದಿಲ್ಲ. ಗಂಡನಿಗೂ ಮಗುವಿನ ನ್ಯಾಪಿ ಬದಲಿಸಲು, ನಿಮಗೆ ಸಾರು ಮಾಡಲು ಬಂದಿರುತ್ತದೆ. ಅಜ್ಜಿ ಮೊದಲೇ ಇದ್ದರೆ ಆತ ಕಲಿಯುವುದು ಅನುಮಾನ. ಎರಡನೇ ಹೆರಿಗೆಯಾಗಿದ್ದರೆ ಬೇರೆ ಮಾತು, ನಡುರಾತ್ರಿ ನೋವು ಬಂದಾಗ ದೊಡ್ಡ ಮಗುವಿನ ಜೊತೆ ಯಾರಾದರೂ ಇರಲೇಬೇಕು, ಆಗ 37 ವಾರಕ್ಕೇ ಕರೆಸಿಕೊಂಡು ಎರಡು ಮೂರು ತಿಂಗಳು ಇರಿಸಿಕೊಳ್ಳಿ.

ವಿಸಿಟರ್ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಒಳಗೆ ಅರ್ಜಿ ಹಾಕಬಹುದು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ. ಸಿಕ್ಕರೆ ಒಮ್ಮೆಗೆ ಆರು ತಿಂಗಳವರೆಗೂ ಇರಬಹುದು. ಇನ್ನೂ ಹಾಕಿಲ್ಲ ಎಂದಾದರೆ ಈ ವಾರವೇ ಹಾಕಿ. ಅಮ್ಮನ ಬಿಪಿ, ಶುಗರ್ ಎಲ್ಲ ಮೊದಲೇ ತಿಳಿಸಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವುದನ್ನು ಮರೆಯಬೇಡಿ. ಪ್ರವಾಸಿಗರನ್ನು ಇಲ್ಲಿನ ಆಸ್ಪತ್ರೆಗೆ ಅಡ್ಮಿಟ್ ಮಾಡಿಕೊಂಡರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಊರಿನಿಂದ ತುಪ್ಪ ತರುವಂತಿಲ್ಲ, ಹಾಲಿನ ಪದಾರ್ಥಕ್ಕೆ ನಿಷೇಧವಿದೆ. ಅಂಟು, ಒಣಶುಂಠಿ, ಕಾಳುಮೆಣಸು ತರಲಿ, ತುಪ್ಪ ಇಲ್ಲಿ ಯಾವ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ. ಮಗುವಿಗೆ ನೆಕ್ಕಿಸಲು ಜೇನುತುಪ್ಪ ಮಾತ್ರ ಒಂದು ವರ್ಷದವರೆಗೆ ಯಾರು ಹೇಳಿದರೂ ಬೇಡ.

ಟಿಕೆಟ್ ವಿಷಯ ಮುಗಿಯಿತು. ನೀವು ಕೇಳದೇ ಇದ್ದದ್ದು, ಆದರೆ ಅದಕ್ಕಿಂತ ದೊಡ್ಡದು: ಈ ನಾಲ್ಕೈದು ವಾರ ಮನೆಯಲ್ಲಿ ಕಾಯುವಾಗ ಯಾವುದಕ್ಕೆ ಫೋನ್ ಮಾಡಬೇಕು, ಯಾವುದಕ್ಕೆ ಬೇಡ. ಇಲ್ಲಿ ಊರಿನ ಹಾಗೆ ವಾರವಾರ ಡಾಕ್ಟರು ನೋಡುವುದಿಲ್ಲ. ಚೊಚ್ಚಲಿಗೆ 36, 38, 40, 41ನೇ ವಾರಕ್ಕೆ ಮಿಡ್‌ವೈಫ್ (ತರಬೇತಾದ ಸೂಲಗಿತ್ತಿ) ನೋಡುತ್ತಾರೆ, ಅಷ್ಟೇ. ಮಧ್ಯದಲ್ಲಿ ಏನಾದರೂ ಆದರೆ ಮೆಟರ್ನಿಟಿ ಟ್ರಯೇಜ್‌ಗೆ (ಆಸ್ಪತ್ರೆಯಲ್ಲಿ ಬಸುರಿಯರನ್ನು ತುರ್ತಾಗಿ ನೋಡುವ ವಿಭಾಗ) ಫೋನ್ ಮಾಡಬೇಕು. ಆ ನಂಬರು ದಿನದ 24 ಗಂಟೆಯೂ ಇರುತ್ತದೆ, ಜಿಪಿಗೆ (ಬಡಾವಣೆಯ ಡಾಕ್ಟರಿಗೆ) ಮಾಡಿ ಸಮಯ ಕಳೆಯಬೇಡಿ. ಇಬ್ಬರ ಫೋನಿನಲ್ಲೂ ಸೇವ್ ಮಾಡಿ.

ಮೊದಲನೆಯದು ಮಗುವಿನ ಮಿಸುಕಾಟ. 'ಕೊನೆಗೆ ಜಾಗ ಸಾಲದೆ ಮಗು ಕಡಿಮೆ ಆಡುತ್ತದೆ' ಎಂದು ಊರಿನಿಂದ ಫೋನಿನಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಅದು ತಪ್ಪು. ಹೊರಳುವ ರೀತಿ ಬದಲಾಗಬಹುದು, ಆದರೆ ಆಟ ಕಡಿಮೆಯಾಗಕೂಡದು, ನೋವು ಶುರುವಾದ ಮೇಲೂ ನಿಲ್ಲಕೂಡದು. ದಿನಕ್ಕೆ ಇಷ್ಟು ಒದೆತ ಎಂಬ ಲೆಕ್ಕವಿಲ್ಲ. ನಿಮ್ಮ ಮಗು ಎಷ್ಟು ಹೊತ್ತಿಗೆ ಹೇಗೆ ಆಡುತ್ತದೆ ಎಂಬುದು ನಿಮಗೇ ಗೊತ್ತಿರುತ್ತದೆ, ಅದರಲ್ಲಿ ವ್ಯತ್ಯಾಸ ಕಂಡರೆ ಫೋನ್ ಮಾಡಬೇಕು. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಎಂದು ಕಾಯುವಂತಿಲ್ಲ. ತಣ್ಣೀರು ಕುಡಿದು, ಸಿಹಿ ತಿಂದು ನೋಡುತ್ತಾ ಕೂರಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಡಾಪ್ಲರ್ ತಂದು ಬಡಿತ ಕೇಳಿಸಿತೆಂದು ಸಮಾಧಾನವನ್ನೂ ಪಡಬೇಡಿ. ತೊಂದರೆಯಲ್ಲಿರುವ ಮಗುವಿನ ಎದೆಬಡಿತವೂ ಕೇಳಿಸುತ್ತದೆ, ಕೆಲವೊಮ್ಮೆ ಕೇಳಿಸುವುದು ನಿಮ್ಮದೇ ರಕ್ತನಾಳದ ಸದ್ದು. ಆಸ್ಪತ್ರೆಯಲ್ಲಿ ಸಿಟಿಜಿ (ಮಗುವಿನ ಎದೆಬಡಿತ ದಾಖಲಿಸುವ ಯಂತ್ರ) ಹಾಕಿ ನೋಡುತ್ತಾರೆ. ಮರುದಿನ ಮತ್ತೆ ಕಡಿಮೆ ಅನಿಸಿದರೆ ಮತ್ತೆ ಹೋಗಿ, ಸಂಕೋಚಕ್ಕೆ ಇದು ಜಾಗವಲ್ಲ. ಮಲಗುವಾಗ ಮಗ್ಗುಲಾಗಿಯೇ ಮಲಗಿ, ಎಡವೋ ಬಲವೋ ಪರವಾಗಿಲ್ಲ.

ಎರಡನೆಯದು ತುರಿಕೆ. ಹೀಟರ್ ಹಾಕಿದ ಮನೆಯಲ್ಲಿ ಚರ್ಮ ಒಣಗುತ್ತದೆ, ನಿಜ. ಆದರೆ ಗುಳ್ಳೆಯಿಲ್ಲದೆ ಅಂಗೈ, ಅಂಗಾಲು ತುರಿಸುತ್ತಾ, ರಾತ್ರಿ ಹೆಚ್ಚಾದರೆ ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ. ಅದು ಯಕೃತ್ತಿನ ಪಿತ್ತರಸಕ್ಕೆ ಸಂಬಂಧಿಸಿದ ಕೊಲೆಸ್ಟೇಸಿಸ್ ಇರಬಹುದು. ಇಲ್ಲಿ ಒಟ್ಟಾರೆ ಬಸುರಿಯರಲ್ಲಿ ನೂರಕ್ಕೆ 0.7 ಇದ್ದರೆ, ಭಾರತ, ಪಾಕಿಸ್ತಾನ ಮೂಲದವರಲ್ಲಿ 1.2ರಿಂದ 1.5. ರಕ್ತಪರೀಕ್ಷೆಯಲ್ಲಿ ಬೈಲ್ ಆ್ಯಸಿಡ್ ನೋಡಿ ಎಂದು ಬಾಯಿಬಿಟ್ಟು ಕೇಳಿ. ಅದರ ಮಟ್ಟ ಹೆಚ್ಚಿದ್ದರೆ ಹೆರಿಗೆ ಮುಂಚೆಯೇ ಮಾಡಿಸುತ್ತಾರೆ. ಹಾಗೆಯೇ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರ್ ಊದುವುದು ಬಿಪಿ ಏರಿದ ಲಕ್ಷಣವಿರಬಹುದು, ತಕ್ಷಣ ಫೋನ್.

ನೀರು ಹೋಗುವುದು ಸಿನಿಮಾದಲ್ಲಿ ತೋರಿಸುವಂತೆ ಭಳ್ಳನೆ ಆಗಬೇಕೆಂದಿಲ್ಲ, ತೊಟ್ಟಿಕ್ಕುತ್ತಲೂ ಹೋಗಬಹುದು. ಮೂತ್ರವೋ ನೀರೋ ಗೊತ್ತಾಗದಿದ್ದರೆ ಒಣ ಪ್ಯಾಡ್ ಹಾಕಿ ಅರ್ಧ ಗಂಟೆ ಮಲಗಿ ಎದ್ದು ನಿಲ್ಲಿ. ಎದ್ದ ಕೂಡಲೇ ಮತ್ತೆ ಒದ್ದೆಯಾಗಿ, ಮೂತ್ರದ ವಾಸನೆ ಇಲ್ಲದಿದ್ದರೆ ಬಹುತೇಕ ಅದೇ. ಹೊತ್ತು ಬರೆದಿಟ್ಟುಕೊಂಡು ಫೋನ್ ಮಾಡಿ, ಆ ಪ್ಯಾಡ್ ಎಸೆಯದೆ ಜೊತೆಗೆ ಒಯ್ಯಿರಿ. ತಿಳಿ ಹಳದಿಯೋ ತುಸು ಗುಲಾಬಿಯೋ ಇದ್ದರೆ ಗಾಬರಿ ಬೇಡ. ಹಸಿರು ಅಥವಾ ಕಂದು ಇದ್ದರೆ ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿದೆ ಎಂದರ್ಥ, ತಡ ಮಾಡದೆ ಹೊರಡಿ. ನೀರು ಹೋಗಿಯೂ ನೋವು ಬಾರದಿದ್ದರೆ 24 ಗಂಟೆಯ ಹೊತ್ತಿಗೆ ನೋವು ಬರಿಸುವ ಮಾತೆತ್ತುತ್ತಾರೆ, ಹೊತ್ತಾದಷ್ಟೂ ಸೋಂಕಿನ ಭಯ. ಜಿಬಿಎಸ್ (ಮಗುವಿಗೆ ಸೋಂಕು ತರಬಲ್ಲ ಬ್ಯಾಕ್ಟೀರಿಯಾ) ಇದೆ ಎಂದು ಮೊದಲೇ ಗೊತ್ತಿದ್ದವರಿಗೆ ಕಾಯಿಸುವುದಿಲ್ಲ. ರಕ್ತ ಧಾರೆಯಾಗಿ ಹೋದರೆ ಯಾರನ್ನೂ ಕೇಳಬೇಡಿ, ತುರ್ತು ನಂಬರ್ 999ಕ್ಕೆ ಮಾಡಿ.

ನೋವು ಬಂದ ಕೂಡಲೇ ಓಡಿದರೆ ವಾಪಸ್ ಕಳಿಸುತ್ತಾರೆ, ಇದು ನಮ್ಮವರಿಗೆ ತುಂಬಾ ಕೋಪ ಬರಿಸುವ ವಿಷಯ. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆಯುವವರೆಗಿನ ಹಂತ ಚೊಚ್ಚಲಿನಲ್ಲಿ ಒಂದು ದಿನ, ಎರಡು ದಿನವೂ ಎಳೆಯಬಹುದು. ಅದನ್ನು ಮನೆಯಲ್ಲಿ ಕಳೆಯುವುದೇ ಒಳ್ಳೆಯದು. ಬಿಸಿನೀರ ಸ್ನಾನ, 500 ಮಿಲಿಗ್ರಾಂನ ಎರಡು ಪ್ಯಾರಸಿಟಮಾಲ್ (ದಿನಕ್ಕೆ ಎಂಟಕ್ಕಿಂತ ಹೆಚ್ಚಿಲ್ಲ, ಐಬುಪ್ರೊಫೆನ್ ಬೇಡವೇ ಬೇಡ), ಬಾಡಿಗೆಗೆ ಸಿಗುವ ಟೆನ್ಸ್ ಮೆಷೀನ್ (ಬೆನ್ನಿಗೆ ಅಂಟಿಸಿಕೊಂಡು ಸಣ್ಣ ವಿದ್ಯುತ್ ಮಿಡಿತದಿಂದ ನೋವು ತಗ್ಗಿಸುವುದು), ಮೊಸರನ್ನ, ನಿದ್ದೆ. ಟೆನ್ಸ್ ಕಟ್ಟಿಕೊಂಡು ನೀರಿಗೆ ಮಾತ್ರ ಇಳಿಯಬಾರದು. ಹತ್ತು ನಿಮಿಷಕ್ಕೆ ಮೂರು, ಒಂದೊಂದೂ ಮುಕ್ಕಾಲರಿಂದ ಒಂದು ನಿಮಿಷ, ನೋವು ಬಂದಾಗ ಮಾತಾಡಲು ಆಗುತ್ತಿಲ್ಲ: ಈ ಮಟ್ಟಕ್ಕೆ ಬಂದಾಗ ಟ್ರಯೇಜ್‌ಗೆ ಫೋನ್ ಮಾಡಿ. ಫೋನನ್ನು ನೀವೇ ಹಿಡಿಯಿರಿ. ನೀವು ಹೇಗೆ ಉಸಿರಾಡುತ್ತೀರಿ, ಮಾತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಿಯೇ ಮಿಡ್‌ವೈಫ್ ಅಂದಾಜು ಮಾಡುತ್ತಾರೆ.

ಡೇಟ್ ದಾಟುತ್ತಿದ್ದಂತೆ ಊರಿನಿಂದ ಹರಳೆಣ್ಣೆಯ ಸಲಹೆ ಬರುತ್ತದೆ. ಕುಡಿಯಬೇಡಿ, ವಾಂತಿಭೇದಿಯಾಗಿ ಸುಸ್ತಾಗುವುದಷ್ಟೇ ಲಾಭ. ಒಳ್ಳೆಯ ನಕ್ಷತ್ರ ನೋಡಿ ಸಿಸೇರಿಯನ್ ಎಂಬುದೂ ಇಲ್ಲಿ ನಡೆಯುವುದಿಲ್ಲ, ಪ್ಲ್ಯಾನ್ ಮಾಡಿದ ಸಿಸೇರಿಯನ್ ಸಾಮಾನ್ಯವಾಗಿ 39 ವಾರದ ಮೇಲೆ, ದಿನ ಅವರ ಪಟ್ಟಿಯ ಪ್ರಕಾರ. 39 ವಾರದ ನಂತರ ಮಿಡ್‌ವೈಫ್ 'ಸ್ವೀಪ್' ಮಾಡಲಾ ಎಂದು ಕೇಳುತ್ತಾರೆ. ಬೆರಳಿನಿಂದ ಗರ್ಭಕೋಶದ ಬಾಯಿಯ ಸುತ್ತ ಪೊರೆ ಬಿಡಿಸುವುದು ಅದು. ಮುಜುಗರ, ನೋವು ಸ್ವಲ್ಪ ಇದೆ, ನಂತರ ಚೂರು ರಕ್ತ ಕಾಣಬಹುದು, ಆದರೆ ಇಂಡಕ್ಷನ್ ತಪ್ಪಿಸುವ ಅವಕಾಶವಿರುವುದರಿಂದ ನನ್ನ ಮಟ್ಟಿಗೆ ಒಪ್ಪಿಕೊಳ್ಳುವುದೇ ಸರಿ.

ಇಂಡಕ್ಷನ್‌ಗೆ ಹೋಗುವವರು ಅವತ್ತೇ ಮಗು ಹುಟ್ಟುತ್ತದೆ ಎಂದು ಊರಿಗೆ ಹೇಳಿ ಹೋಗುತ್ತಾರೆ, ತಪ್ಪಾಗುವುದು ಅಲ್ಲೇ. ಮೊದಲು ಟೇಪಿನ ಬಾಲವಿರುವ ಚಪ್ಪಟೆ ಪೆಸರಿ (ಗರ್ಭಕೋಶದ ಬಾಯಿ ಸಡಿಲಿಸುವ ಔಷಧಿ) ಒಳಗಿಡುತ್ತಾರೆ, ಅದು 24 ಗಂಟೆ ಇರುತ್ತದೆ. ಕೆಲವರಿಗೆ ಬಲೂನ್. ಬಾಯಿ ಸಡಿಲವಾದರೆ ನೀರಿನ ಚೀಲ ಒಡೆಯುತ್ತಾರೆ, ಅದಕ್ಕೆ ಲೇಬರ್ ರೂಮ್ ಖಾಲಿಯಾಗುವವರೆಗೆ ಕಾಯಬೇಕು. ಆಮೇಲೆ ನೋವಿನ ಡ್ರಿಪ್. ಹಾಗಾಗಿ ಎರಡು ದಿನಕ್ಕಾಗುವ ಬಟ್ಟೆ, ಉದ್ದ ವೈರಿನ ಚಾರ್ಜರ್, ಒಣ ತಿಂಡಿ ಇಟ್ಟುಕೊಳ್ಳಿ. ರಾತ್ರಿ ಗಂಡನನ್ನು ಮನೆಗೆ ಕಳಿಸುವ ವಾರ್ಡುಗಳೂ ಇವೆ, ಮೊದಲೇ ಕೇಳಿಕೊಳ್ಳಿ. ಇಂಡಕ್ಷನ್ ಬೇಡ ಎನ್ನುವ ಹಕ್ಕು ನಿಮಗಿದೆ. 42 ವಾರ ದಾಟಿದರೆ ವಾರಕ್ಕೆ ಎರಡು ಸಲ ಸಿಟಿಜಿ, ಮಗುವಿನ ಸುತ್ತಲಿನ ನೀರಿನ ಆಳ ನೋಡುವ ಸ್ಕ್ಯಾನ್ ಮಾಡುತ್ತಾರೆ, ಆದರೆ ಮಗುವಿಗಿರುವ ಅಪಾಯ ಏರುತ್ತಾ ಹೋಗುತ್ತದೆ. ನಾನಂತೂ ಅಲ್ಲಿಯವರೆಗೆ ಎಳೆಯಲು ಯಾರಿಗೂ ಹೇಳುವುದಿಲ್ಲ.

ಕಾರ್ ಸೀಟನ್ನು 37 ವಾರಕ್ಕೇ ಕೂರಿಸಿ ನೋಡಿ, ಮಗು ಹಿಂದಕ್ಕೆ ಮುಖ ಮಾಡಿರಬೇಕು. ಚಳಿ ಎಂದು ದಪ್ಪ ಜಾಕೆಟ್ ತೊಡಿಸಿ ಬೆಲ್ಟ್ ಹಾಕಬಾರದು, ಬೆಲ್ಟ್ ಸಡಿಲ ನಿಲ್ಲುತ್ತದೆ. ಬೆಲ್ಟ್ ಬಿಗಿದು ಮೇಲೆ ಹೊದಿಕೆ ಹಾಕಿ.

ಹೆಸರು ಮಾತ್ರ ಈಗಲೇ ಇಬ್ಬರೂ ಕೂತು ನಿರ್ಧರಿಸಿ. ಇಂಗ್ಲೆಂಡಿನಲ್ಲಿ 42 ದಿನದೊಳಗೆ ಜನನ ನೋಂದಾಯಿಸಬೇಕು, ಮದುವೆಯಾದವರಲ್ಲಿ ಯಾರೊಬ್ಬರು ಹೋದರೂ ಸಾಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವ, ಊರಿನ ಹೆಸರೋ ಅಪ್ಪನ ಹೆಸರೋ ಇನಿಶಿಯಲ್ ಆಗಿರುವ ನಮ್ಮಂಥವರು ಅಲ್ಲಿ ಕೌಂಟರಿನ ಮುಂದೆ ಯೋಚಿಸುತ್ತಾ ನಿಂತರೆ ಕಷ್ಟ. ಅಲ್ಲಿ ಬರೆಸಿದ್ದೇ ಭಾರತದ ಪಾಸ್‌ಪೋರ್ಟಿಗೂ ಹೋಗುತ್ತದೆ, ತಂದೆ ತಾಯಿಯ ಹೆಸರು ನಿಮ್ಮ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಇಬ್ಬರೂ ವರ್ಕ್ ವೀಸಾ ಮೇಲಿದ್ದರೆ ಮಗು ಹುಟ್ಟಿನಿಂದ ಬ್ರಿಟಿಷ್ ಆಗುವುದಿಲ್ಲ. ಒಂದು ವರ್ಷದೊಳಗೆ ಭಾರತದ ಹೈಕಮಿಷನ್‌ನಲ್ಲಿ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಡಿಪೆಂಡೆಂಟ್ ವೀಸಾ ಹಾಕಬೇಕು. ಇದೆಲ್ಲ ಕೈಗೆ ಬರುವ ಮೊದಲು ನಾಮಕರಣಕ್ಕೆಂದು ಊರಿಗೆ ಟಿಕೆಟ್ ಮಾಡಿಸಬೇಡಿ, ವೀಸಾ ಇಲ್ಲದೆ ಹೊರಟರೆ ಊರಿನಿಂದಲೇ ವೀಸಾ ಮಾಡಿಸುವವರೆಗೆ ಮಗು ವಾಪಸ್ ಬರುವಂತಿಲ್ಲ.