ಮನೆ ಅತ್ತೆಯ ಹೆಸರಿನಲ್ಲಿದ್ದರೆ ಹೊರಡಲೇಬೇಕೆ?

ಗಂಡನ ದೌರ್ಜನ್ಯದ ಬಗ್ಗೆ ದೂರಲು ಹೋದರೆ ಪೊಲೀಸ್ ಠಾಣೆಯವರು ರಾಜಿ ಮಾಡಿಸಿ ಕಳುಹಿಸಿದರು, ಮನೆ ಅತ್ತೆಯ ಹೆಸರಿನಲ್ಲಿದೆ ಎಂದು ಗಂಡ ಹೆದರಿಸುತ್ತಾನೆ, ಮಕ್ಕಳೊಂದಿಗೆ ಏನು ಮಾಡಲಿ ಎಂದು ಕೇಳಿದ್ದೀರಿ. ಠಾಣೆಯವರು ಹಾಗೆ ಕಳುಹಿಸಿದ್ದಕ್ಕೆ ಬಹುಶಃ ನಿಮ್ಮ ದೂರು ಬಾಯಿಮಾತಿನಲ್ಲೇ ಉಳಿದದ್ದು ಕಾರಣ. ಅಲ್ಲದೆ ವಾಸದ ಮನೆ ಮತ್ತು ಮಕ್ಕಳ ವಿಚಾರದಲ್ಲಿ ಆದೇಶ ಕೊಡಬೇಕಾದವರು ಪೊಲೀಸರಲ್ಲ, ಮ್ಯಾಜಿಸ್ಟ್ರೇಟರು. ಮನೆ ಅತ್ತೆಯ ಹೆಸರಿನಲ್ಲಿದೆ ಎಂಬ ಗಂಡನ ಮಾತಿಗೆ ಹೆದರಬೇಡಿ. ನೀವು ಸಂಸಾರ ಮಾಡಿಕೊಂಡಿದ್ದ ಮನೆ ಗಂಡನ ಬಂಧುಗಳದ್ದಾಗಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಮೊದಲು ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಮನೆಯಿಂದ ಹೊರಗೆ ಸಾಗಿಸಿ. ನನ್ನ ತಂಗಿ ಅವನ್ನೆಲ್ಲ ಪಕ್ಕದ ಮನೆಯವರ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಬಿದ್ದೆ" ಎನ್ನದೆ, ಹೊಡೆದವರು ಯಾರೆಂಬುದನ್ನು ಚೀಟಿಯಲ್ಲಿ ಬರೆಸಿ. ಅನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಸಂರಕ್ಷಣಾಧಿಕಾರಿಯನ್ನು (ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಅಧಿಕಾರಿ) ಕಂಡು, 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ನಡೆದದ್ದರ ಘಟನಾ ವರದಿ ಬರೆಸಿ, ರಕ್ಷಣೆ, ವಾಸ, ಜೀವನಾಂಶದ ಜೊತೆಗೆ ಮಕ್ಕಳನ್ನು ಸದ್ಯಕ್ಕೆ ನಿಮ್ಮ ಬಳಿ ಇಟ್ಟುಕೊಳ್ಳುವ ತಾತ್ಕಾಲಿಕ ಸುಪರ್ದನ್ನೂ ಮ್ಯಾಜಿಸ್ಟ್ರೇಟರಿಗೆ ಕೊಡುವ ಒಂದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಈ ಕೊನೆಯದನ್ನು ಅನೇಕರು ಮರೆಯುತ್ತಾರೆ. ಅಂತಿಮ ಆದೇಶ ಬರುವವರೆಗಿನ ಮಧ್ಯಂತರ ಆದೇಶವನ್ನೂ ಕೋರಿ. ಗಂಡನ ವಾದ ಕೇಳುವ ಮುನ್ನವೇ ಅದನ್ನು ಕೊಡಲು ಅವಕಾಶವಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕೆಂದು ಕಾಯಿದೆ ಹೇಳಿದರೂ, ನಿಮ್ಮೂರಿನಲ್ಲಿ ಹಾಗೆಯೇ ನಡೆದೀತೆಂದು ಭರವಸೆ ಕೊಡಲಾರೆ. ವಕೀಲರ ಶುಲ್ಕದ ಚಿಂತೆ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಇಂದು ರಾತ್ರಿಯೇ ಅಪಾಯವೆನಿಸಿದರೆ ಅರ್ಜಿಗಾಗಿ ಕಾಯದೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ, ಮಕ್ಕಳನ್ನು ಕರೆದುಕೊಂಡೇ ಹೊರಬನ್ನಿ. ತಂಗಲು ಜಾಗ ಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಕೇಳಿ.